ದಾದಿಯ ಕೈಯಲ್ಲಿ ಗಣಕಯಂತ್ರ

ಫ್ಲಾರೆನ್ಸ್ ನೈಟಿಂಗೇಲರ ಹೆಸರನ್ನು ಕೇಳದವರು ವಿರಳ. ಸ್ಕುಟಾರಿಯ ಸೈನಿಕ ಆಸ್ಪತ್ರೆಯಲ್ಲಿ, ನಡುರಾತ್ರಿಯ ಕತ್ತಲೆಯಲ್ಲಿ, ದೀಪವನ್ನು ಹಿಡಿದು ಮಂಚದಿಂದ ಮಂಚಕ್ಕೆ ನಡೆಯುತ್ತಿದ್ದ ಆ ಮಹಿಳೆಯ ಚಿತ್ರ ಶಾಲೆಯ ಪಾಠಪುಸ್ತಕಗಳ ಮೂಲಕ ನಮ್ಮ ಮನೆಮನೆಗೂ ಬಂದಿದೆ. ಆ ಚಿತ್ರ ನಿಜವೇ, ಆದರೆ ಪೂರ್ಣವಲ್ಲ. ದೀಪವನ್ನು ಕೆಳಗಿಟ್ಟ ಮೇಲೆ ಆಕೆ ಲೇಖನಿಯನ್ನು ಕೈಗೆತ್ತಿಕೊಳ್ಳುತ್ತಿದ್ದರು. ಎಷ್ಟು ಮಂದಿ ಸತ್ತರು, ಯಾವ ತಿಂಗಳಲ್ಲಿ ಸತ್ತರು, ಯಾವ ಕಾರಣದಿಂದ ಸತ್ತರು ಎಂಬ ಲೆಕ್ಕವೂ ರೋಗಿಯ ಸೇವೆಯ ಒಂದು ಭಾಗವೆಂಬುದು ಆಕೆಯ ದೃಢವಾದ ನಂಬಿಕೆಯಾಗಿತ್ತು. ಲೋಕವು ದೀಪವನ್ನು ನೆನಪಿನಲ್ಲಿಟ್ಟುಕೊಂಡು ಲೆಕ್ಕವನ್ನು ಮರೆಯಿತು. ಮರೆತುಹೋದ ಆ ಅರ್ಧವೇ ಇಂದು ‘ನರ್ಸಿಂಗ್ ಇನ್‌ಫರ್ಮ್ಯಾಟಿಕ್ಸ್’ ಎಂಬ ಹೊಸ ಹೆಸರನ್ನು ಹೊತ್ತು ಶುಶ್ರೂಷೆಯ ಕಾಲೇಜುಗಳ ಪಠ್ಯಕ್ರಮವನ್ನು ಪ್ರವೇಶಿಸಿದೆ. ಕನ್ನಡದಲ್ಲಿ ಇದನ್ನು ಶುಶ್ರೂಷಾ ಮಾಹಿತಿಶಾಸ್ತ್ರವೆಂದು ಕರೆಯಬಹುದು. ಈ ಶಾಸ್ತ್ರ ಬೆಳೆದುಬಂದ ಬಗೆ, ಅದನ್ನು ಬೆಳೆಸಿದ ದಾದಿಯರು ಮುಂದಾಳುಗಳಾದ ಬಗೆ, ಎರಡೂ ಕುತೂಹಲಕರವಾದ ಕಥೆ.

ಮೂರು ಬಣ್ಣದ ಚಿತ್ರ

1854ರ ನವೆಂಬರಿನಲ್ಲಿ ನೈಟಿಂಗೇಲ್ ತಮ್ಮ 38 ಮಂದಿ ದಾದಿಯರೊಡನೆ ಸ್ಕುಟಾರಿಗೆ ಬಂದಿಳಿದಾಗ ಆಸ್ಪತ್ರೆಯ ಕೊಳಕಿನಷ್ಟೇ ಅಲ್ಲಿನ ದಾಖಲೆಗಳ ಅವ್ಯವಸ್ಥೆಯೂ ಆಕೆಯನ್ನು ಬೆಚ್ಚಿಬೀಳಿಸಿತು. ಸತ್ತವರ ಪಟ್ಟಿಯನ್ನು ಬೇರೆ ಬೇರೆ ಅಧಿಕಾರಿಗಳು ಬೇರೆ ಬೇರೆಯಾಗಿ ಇಡುತ್ತಿದ್ದರು. ಒಂದು ಕಛೇರಿಯ ಲೆಕ್ಕ ಇನ್ನೊಂದರೊಡನೆ ತಾಳೆಯಾಗುತ್ತಿರಲಿಲ್ಲ. ಎಷ್ಟು ಜನ ಸತ್ತರೆಂಬುದೇ ಗೊತ್ತಿಲ್ಲದೆ ಏಕೆ ಸತ್ತರೆಂಬುದನ್ನು ತಿಳಿಯುವುದು ಹೇಗೆ? 1855ರ ಮಾರ್ಚಿನಲ್ಲಿ ಬಂದ ನೈರ್ಮಲ್ಯ ಆಯೋಗವು ಆಸ್ಪತ್ರೆಯ ಅಡಿಯಲ್ಲಿ ಕೊಳೆಯುತ್ತಿದ್ದ ಚರಂಡಿಗಳನ್ನು ತೊಳೆಸಿ, ಗಾಳಿ ಓಡಾಡುವಂತೆ ಮಾಡಿದ ಮೇಲೆ ಸಾವುಗಳು ಗಣನೀಯವಾಗಿ ಇಳಿದುವು. ಯುದ್ಧ ಮುಗಿದ ನಂತರ ಇಂಗ್ಲೆಂಡಿಗೆ ಮರಳಿದ ನೈಟಿಂಗೇಲ್, ಸಂಖ್ಯಾಶಾಸ್ತ್ರಜ್ಞ ವಿಲಿಯಂ ಫಾರ್ ಅವರ ನೆರವಿನಿಂದ ಅಂಕಿ ಅಂಶಗಳನ್ನೆಲ್ಲ ಕಲೆಹಾಕಿ ನೋಡಿದರು. ಶತ್ರುವಿನ ಗುಂಡಿಗೆ ಬಲಿಯಾದವರಿಗಿಂತ ತಡೆಗಟ್ಟಬಹುದಾಗಿದ್ದ ರೋಗಗಳಿಗೆ ಬಲಿಯಾದವರೇ ಬಹಳ ಹೆಚ್ಚು ಎಂಬ ಸತ್ಯ ಬಯಲಾಯಿತು.

ಈ ಸತ್ಯವನ್ನು ಮಂತ್ರಿಗಳಿಗೆ ಮುಟ್ಟಿಸುವುದು ಹೇಗೆ? ಅಂಕಿಗಳ ಉದ್ದನೆಯ ಪಟ್ಟಿಯನ್ನು ತಾಳ್ಮೆಯಿಂದ ಓದುವವರು ಆಗಲೂ ಕಡಮೆ, ಈಗಲೂ ಕಡಮೆ. 1858ರಲ್ಲಿ ಆಕೆ ವರ್ಷದ ಹನ್ನೆರಡು ತಿಂಗಳುಗಳನ್ನು ಬೀಸಣಿಗೆಯ ಎಸಳುಗಳಂತೆ ವೃತ್ತಾಕಾರದಲ್ಲಿ ಜೋಡಿಸಿ, ತಡೆಗಟ್ಟಬಹುದಾದ ರೋಗಗಳ ಸಾವಿಗೆ ನೀಲಿ, ಗಾಯಗಳ ಸಾವಿಗೆ ಕೆಂಪು, ಉಳಿದುದಕ್ಕೆ ಕಪ್ಪು ಬಣ್ಣ ಬಳಿದು ಒಂದು ಚಿತ್ರವನ್ನು ಪ್ರಕಟಿಸಿದರು. ಓದು ಬರದವನೂ ನೋಡಿ ನಡುಗುವಂತಹ ನೀಲಿ ಅದು. ಲಂಡನ್ನಿನ ಸಂಖ್ಯಾಶಾಸ್ತ್ರ ಸಂಘವು ಆಕೆಯನ್ನು ತನ್ನ ಪ್ರಪ್ರಥಮ ಮಹಿಳಾ ಸದಸ್ಯೆಯನ್ನಾಗಿ ಆರಿಸಿಕೊಂಡು ಗೌರವಿಸಿತು. ಭಾರತಕ್ಕೆ ಒಮ್ಮೆಯೂ ಬಾರದ ಆಕೆ, ಇಲ್ಲಿನ ಸೈನಿಕ ಠಾಣ್ಯಗಳಿಗೆ ಪ್ರಶ್ನಾವಳಿಗಳನ್ನು ಕಳುಹಿಸಿ, ಬಂದ ಉತ್ತರಗಳ ಆಧಾರದಿಂದಲೇ ಇಲ್ಲಿನ ನೀರು, ಚರಂಡಿ, ವಸತಿಗಳ ದುಃಸ್ಥಿತಿಯನ್ನು ಎತ್ತಿ ತೋರಿದರು. ಆ ಆಯೋಗದ ವರದಿ ಹೊರಬಿದ್ದುದು 1863ರಲ್ಲಿ.

ಟೋಪಿಯ ಜೊತೆಗೆ ಹೋದ ಪರಂಪರೆ

1860ರಲ್ಲಿ ಲಂಡನ್ನಿನ ಸೇಂಟ್ ಥಾಮಸ್ ಆಸ್ಪತ್ರೆಯಲ್ಲಿ ನೈಟಿಂಗೇಲ್ ಶಾಲೆ ಆರಂಭವಾಯಿತು. ಅಲ್ಲಿ ತರಬೇತಿ ಪಡೆದ ಲೂಯಿಸಾ ಪಾರ್ಸನ್ಸ್ ಎಂಬಾಕೆ 1889ರಲ್ಲಿ ಅಮೆರಿಕದ ಬಾಲ್ಟಿಮೋರ್ ನಗರದಲ್ಲಿ ಮೇರಿಲ್ಯಾಂಡ್ ವಿಶ್ವವಿದ್ಯಾನಿಲಯದ ದಾದಿಯರ ಶಾಲೆಯನ್ನು ತೆರೆದರು. ಗುರುವಿನಿಂದ ಆಕೆ ಕಸೂತಿ ಬಲೆಯ ಒಂದು ಟೋಪಿಯ ಮಾದರಿಯನ್ನೂ ಕೊಂಡೊಯ್ದರೆಂದೂ, ‘ಫ್ಲಾಸಿ’ ಎಂಬ ಮುದ್ದಿನ ಹೆಸರಿನ ಆ ಟೋಪಿ ಅಲ್ಲಿನ ವಿದ್ಯಾರ್ಥಿನಿಯರ ಹೆಮ್ಮೆಯ ಗುರುತಾಯಿತೆಂದೂ ಆ ಶಾಲೆಯವರು ಹೇಳುತ್ತಾರೆ. ಕಾಕತಾಳೀಯವೆನ್ನೋಣ, ಋಣಾನುಬಂಧವೆನ್ನೋಣ: ಸುಮಾರು ಒಂದು ಶತಮಾನದ ತರುವಾಯ, 1988ರಲ್ಲಿ, ಶುಶ್ರೂಷಾ ಮಾಹಿತಿಶಾಸ್ತ್ರದಲ್ಲಿ ಜಗತ್ತಿನ ಮೊತ್ತಮೊದಲ ಸ್ನಾತಕೋತ್ತರ ವ್ಯಾಸಂಗಕ್ರಮ ಆರಂಭವಾದುದು ಅದೇ ಶಾಲೆಯಲ್ಲಿ. ಟೋಪಿ ಕಾಲಕ್ರಮದಲ್ಲಿ ಮರೆಯಾಯಿತು. ಲೆಕ್ಕದ ಪರಂಪರೆ ತಿರುಗಿ ಚಿಗುರಿತು.

ಈ ನಡುವಿನ ನೂರು ವರ್ಷಗಳಲ್ಲಿ ಏನಾಯಿತೆಂಬುದನ್ನು ತಿಳಿಯಲು ಹ್ಯಾರಿಯೆಟ್ ವರ್ಲಿ ಅವರ ಜೀವನವನ್ನು ನೋಡಬೇಕು. 1914ರಲ್ಲಿ ಹುಟ್ಟಿದ ವರ್ಲಿ ಅಮೆರಿಕದ ಸೇನಾ ದಾದಿಯರ ದಳದಲ್ಲಿ ದುಡಿದವರು. 1950ರ ದಶಕದಲ್ಲಿ ವಾಲ್ಟರ್ ರೀಡ್ ಸೇನಾ ಸಂಶೋಧನಾ ಸಂಸ್ಥೆಯಲ್ಲಿದ್ದಾಗ, ಆಸ್ಪತ್ರೆಗಳಲ್ಲಿ ಗಣಕಯಂತ್ರವನ್ನು ಹೇಗೆ ಬಳಸಬಹುದೆಂಬ ಬಗ್ಗೆ ಸಲಹೆ ಕೊಡಲು ಅವರನ್ನು ಕರೆಯಲಾಯಿತು. ಗಣಕಯಂತ್ರವೆಂದರೆ ಕೋಣೆ ತುಂಬುವಷ್ಟು ದೊಡ್ಡದಾಗಿದ್ದ ಕಾಲವದು. ವರ್ಲಿಯವರ ಮನಸ್ಸನ್ನು ಹಿಡಿದುದು ಯಂತ್ರದ ಗಾತ್ರವಾಗಲಿ ವೇಗವಾಗಲಿ ಅಲ್ಲ, ಒಂದು ಸರಳ ಪ್ರಶ್ನೆ: ಈ ಯಂತ್ರಕ್ಕೆ ದಾದಿಯರ ಕೆಲಸದ ಬಗ್ಗೆ ಏನನ್ನು ಉಣಿಸುವುದು?

ಪ್ರಶ್ನೆ ಸರಳವಾದರೂ ಉತ್ತರ ಕಠಿಣವಾಗಿತ್ತು. ವೈದ್ಯರು ಕೊಟ್ಟ ಔಷಧಕ್ಕೆ ದಾಖಲೆಯುಂಟು, ಪ್ರಯೋಗಶಾಲೆಯ ಪರೀಕ್ಷೆಗೆ ದಾಖಲೆಯುಂಟು, ಶಸ್ತ್ರಚಿಕಿತ್ಸೆಗೆ ದಾಖಲೆಯುಂಟು. ಹಾಸಿಗೆ ಹಿಡಿದ ರೋಗಿಯನ್ನು ಎರಡು ಗಂಟೆಗೊಮ್ಮೆ ಮಗ್ಗುಲು ಹೊರಳಿಸಿ ಬೆನ್ನಿಗೆ ಹುಣ್ಣಾಗದಂತೆ ಕಾಪಾಡಿದ ದಾದಿಯ ಶ್ರಮಕ್ಕೆ? ಉಸಿರಾಟದ ಸಣ್ಣ ಏರುಪೇರನ್ನು ಗಮನಿಸಿ ಸಕಾಲದಲ್ಲಿ ವೈದ್ಯರನ್ನು ಕರೆಸಿದ ಅವಳ ಎಚ್ಚರಕ್ಕೆ? ಅಮೆರಿಕದ ಆಸ್ಪತ್ರೆಗಳ ಬಿಲ್ಲಿನಲ್ಲಿ ದಾದಿಯ ಸೇವೆಯು ಕೊಠಡಿಯ ಬಾಡಿಗೆಯೊಳಗೇ, ಹಾಸಿಗೆ ಹೊದಿಕೆಗಳ ಜೊತೆಗೆ, ಅಡಗಿಹೋಗಿತ್ತು. ಹುಣ್ಣಾದರೆ ಅದು ದಾಖಲೆಗೆ ಬರುತ್ತದೆ. ಆಗದಂತೆ ತಡೆದುದು ಬರುವುದಿಲ್ಲ. ದಾಖಲೆಗೆ ಬಾರದ ಕೆಲಸ ಆಡಳಿತದ ಕಣ್ಣಿಗೂ ಬೀಳುವುದಿಲ್ಲ. ಕಣ್ಣಿಗೆ ಬೀಳದ ಕೆಲಸಕ್ಕೆ ಹಣವನ್ನು ಕಡಿತಮಾಡುವುದು ಬಲು ಸುಲಭ. ದಾದಿಯರ ಸಂಖ್ಯೆ ಕುಗ್ಗಿದಾಗ ಅದರ ಬೆಲೆಯನ್ನು ತೆರುವವನು ಮಂಚದ ಮೇಲಿನ ರೋಗಿ. ಗಣಕಯಂತ್ರದ ಚರ್ಚೆಯ ಹಿಂದೆ ಇದ್ದ ನಿಜವಾದ ಪ್ರಶ್ನೆ ಇದು.

ವರ್ಲಿಯವರು ಮೂರು ದಶಕಗಳ ಕಾಲ ಈ ಪ್ರಶ್ನೆಯನ್ನು ಬಿಡಲಿಲ್ಲ. 1985ರಲ್ಲಿ ಮಿಲ್‌ವಾಕಿ ನಗರದ ವಿಸ್ಕಾನ್ಸಿನ್ ವಿಶ್ವವಿದ್ಯಾನಿಲಯದಲ್ಲಿ ತಜ್ಞರ ಸಮ್ಮೇಳನವೊಂದನ್ನು ಕೂಡಿಸಿ, ಯಾವ ಆಸ್ಪತ್ರೆಯಾದರೂ ಪ್ರತಿಯೊಬ್ಬ ರೋಗಿಯ ಬಗ್ಗೆ ಬರೆದಿಡಲೇಬೇಕಾದ ಕನಿಷ್ಠ ವಿವರಗಳ ಪಟ್ಟಿಯೊಂದನ್ನು ಸಿದ್ಧಪಡಿಸಿದರು. ಅದರಲ್ಲಿ 16 ಅಂಶಗಳು. ಹೆಸರು, ವಯಸ್ಸು, ವಾಸಸ್ಥಳ, ಸೇರಿದ ದಿನ, ಬಿಟ್ಟ ದಿನ ಮುಂತಾದುವುಗಳ ಜೊತೆಗೆ ನಾಲ್ಕು ಹೊಸ ಅಂಶಗಳು ಸ್ಥಾನ ಪಡೆದುವು: ದಾದಿ ಗುರುತಿಸಿದ ತೊಂದರೆ ಯಾವುದು, ಅದಕ್ಕೆ ಆಕೆ ಮಾಡಿದುದೇನು, ಅದರ ಫಲವೇನು, ಎಷ್ಟು ಶ್ರಮ ಬೇಕಾಯಿತು. ನೋಡಲು ನಾಲ್ಕೇ ಸಾಲು; ಆದರೆ ಆ ನಾಲ್ಕು ಸಾಲುಗಳಿಂದ ಒಂದು ವೃತ್ತಿ ಮೊದಲ ಬಾರಿಗೆ ಲೆಕ್ಕದ ಪುಸ್ತಕದಲ್ಲಿ ತನ್ನ ಹೆಸರನ್ನು ತಾನೇ ಬರೆದುಕೊಂಡಿತು. ಇದೇ ಕಾಲದಲ್ಲಿ ವರ್ಜೀನಿಯಾ ಸಾಬಾ ಅವರು ಜಾರ್ಜ್‌ಟೌನ್ ವಿಶ್ವವಿದ್ಯಾನಿಲಯದಲ್ಲಿ, ಮನೆಯಲ್ಲೇ ಶುಶ್ರೂಷೆ ಪಡೆದ ಸಹಸ್ರಾರು ರೋಗಿಗಳ ದಾಖಲೆಗಳನ್ನು ಜಾಲಾಡಿ, ದಾದಿಯರ ಕೆಲಸಗಳನ್ನು ವರ್ಗೀಕರಿಸುವ ಪದ್ಧತಿಯೊಂದನ್ನು ರೂಪಿಸಿದರು.

ಅಂಕಿಯಿಂದ ಅರಿವಿಗೆ

‘ನರ್ಸಿಂಗ್ ಇನ್‌ಫರ್ಮ್ಯಾಟಿಕ್ಸ್’ ಎಂಬ ಮಾತು ಪಂಡಿತ ವಲಯದಲ್ಲಿ ಕೇಳಿಬಂದುದು 1980ರಲ್ಲಿ, ಟೋಕಿಯೋದ ಅಂತರರಾಷ್ಟ್ರೀಯ ಸಮ್ಮೇಳನದಲ್ಲಿ. 1989ರಲ್ಲಿ ಜೂಡಿತ್ ಗ್ರೇವ್ಸ್ ಮತ್ತು ಶೀಲಾ ಕೊರ್‌ಕೊರನ್ ಎಂಬ ಇಬ್ಬರು ವಿದುಷಿಯರು, ಅಂಕಿ, ಮಾಹಿತಿ, ಜ್ಞಾನ ಎಂಬ ಮೂರು ಮೆಟ್ಟಿಲುಗಳನ್ನು ತೋರಿಸಿ ಅದರ ಲಕ್ಷಣವನ್ನು ಹೇಳಿದರು. ಮನೆಯಲ್ಲಿ ಮಗುವಿಗೆ ಜ್ವರ ಬಂದಾಗ ತಾಯಿ ಮಾಡುವುದೂ ಇದನ್ನೇ. ಥರ್ಮಾಮೀಟರು ಈ ಗಳಿಗೆ ತೋರಿಸುವ 102 ಬರಿಯ ಅಂಕಿ. ಮೂರು ದಿನಗಳಿಂದ ಬೆಳಿಗ್ಗೆ ಇಳಿದು ಸಂಜೆ ಏರುತ್ತಿದೆ ಎಂಬುದು ಮಾಹಿತಿ. ಈ ಬಗೆಯ ಜ್ವರವನ್ನು ಮನೆಮದ್ದಿಗೆ ಬಿಡಬಾರದು, ಡಾಕ್ಟರಿಗೆ ತೋರಿಸಬೇಕು ಎಂಬ ತಿಳಿವಳಿಕೆ ಜ್ಞಾನ. ಯಂತ್ರವು ಮೊದಲನೆಯದನ್ನು ಚೆನ್ನಾಗಿ ಕೂಡಿಡುತ್ತದೆ. ಎರಡನೆಯದನ್ನು ಚೆನ್ನಾಗಿ ಜೋಡಿಸಿಕೊಡುತ್ತದೆ. ಮೂರನೆಯದರಲ್ಲಿ ಅದು ಎಷ್ಟೇ ನೆರವಾದರೂ ಕೊನೆಯ ಹೊಣೆ ಮನುಷ್ಯನದು. ಈ ಮೂರನ್ನೂ ಬೇರೆ ಬೇರೆಯಾಗಿ ಕಾಣಲು ಕಲಿಸುವುದೇ ಈ ಶಿಕ್ಷಣದ ಮೊದಲ ಪಾಠ.

1992ರಲ್ಲಿ ಅಮೆರಿಕದ ದಾದಿಯರ ಸಂಘವು ಇದನ್ನು ವೃತ್ತಿಯ ಒಂದು ವಿಶೇಷ ಶಾಖೆಯೆಂದು ಮನ್ನಿಸಿತು. 1995ರಲ್ಲಿ ಪ್ರಮಾಣಪತ್ರ ಪರೀಕ್ಷೆಯೂ ಬಂತು. ಶಾಖೆ ಬೆಳೆದಂತೆ ಹೊಸದೊಂದು ಪ್ರಶ್ನೆ ತಲೆಯೆತ್ತಿತು. ಗಣಕವನ್ನು ಬಳಸಬಲ್ಲವರನ್ನು ತಯಾರಿಸುವುದು ಒಂದು ಮಾತು. ಅದು ಹೇಗಿರಬೇಕೆಂದು ಹೇಳಬಲ್ಲ ಮುಂದಾಳುಗಳನ್ನು ತಯಾರಿಸುವುದು ಇನ್ನೊಂದು. ಈ ಎರಡನೆಯದು ಸಾಧ್ಯವಾಗುವುದು ಹೇಗೆ?

ದಾರಿ ತೋರಿದುದು ಪೆಟ್ರೀಷಿಯಾ ಬೆನ್ನರ್ ಅವರು 1984ರಲ್ಲಿ ಪ್ರಕಟಿಸಿದ ಗ್ರಂಥ. ಹೊಸಬಳಾಗಿ ಬಂದ ದಾದಿ ಐದು ಹಂತಗಳನ್ನು ದಾಟಿ ನಿಪುಣೆಯಾಗುತ್ತಾಳೆಂದು ಅವರು ತೋರಿಸಿದ್ದರು. ಹೊಸಬಳು ನಿಯಮವನ್ನು ಹಿಡಿದು ನಡೆಯುತ್ತಾಳೆ. ನಿಪುಣೆ ಸಂದರ್ಭವನ್ನು ಒಂದೇ ನೋಟಕ್ಕೆ ಗ್ರಹಿಸುತ್ತಾಳೆ. ಸಂಗೀತ ಕಲಿಯುವವರು ಸರಳೆವರಸೆಯಿಂದ ಮನೋಧರ್ಮದವರೆಗೆ ನಡೆಯುವ ದಾರಿಯೂ ಇಂತಹುದೇ. ಇದೇ ಜಾಡಿನಲ್ಲಿ ನ್ಯಾನ್ಸಿ ಸ್ಟ್ಯಾಗರ್ಸ್, ಕ್ಯಾರೊಲ್ ಗ್ಯಾಸರ್ಟ್ ಮತ್ತು ಕ್ರಿಸ್ಟೀನ್ ಕರನ್ ಎಂಬ ಮೂವರು ಮಾಹಿತಿಶಾಸ್ತ್ರದಲ್ಲಿ ದಾದಿಯ ಬೆಳವಣಿಗೆಯನ್ನು ನಾಲ್ಕು ಮಜಲುಗಳಾಗಿ ವಿಂಗಡಿಸಿ, ತಜ್ಞರ ಅಭಿಪ್ರಾಯಗಳನ್ನು ಮತ್ತೆ ಮತ್ತೆ ಜರಡಿ ಹಿಡಿದು, 2002ರಲ್ಲಿ 281 ಸಾಮರ್ಥ್ಯಗಳ ಪಟ್ಟಿಯನ್ನು ಹೊರತಂದರು. ಮೊದಲ ಮಜಲಿನ ದಾದಿ ಇರುವ ವ್ಯವಸ್ಥೆಯನ್ನು ಸರಿಯಾಗಿ ಬಳಸುತ್ತಾಳೆ. ಎರಡನೆಯ ಮಜಲಿನ ಅನುಭವಸ್ಥೆ ಅಂಕಿಗಳ ನಡುವಿನ ಸಂಬಂಧವನ್ನು ಕಂಡು, ವ್ಯವಸ್ಥೆಯ ಕೊರತೆಯನ್ನು ಎತ್ತಿ ಹೇಳುತ್ತಾಳೆ. ಮೂರನೆಯವಳು ವಿಶೇಷ ವ್ಯಾಸಂಗ ಮಾಡಿ ಆ ಕೊರತೆಯನ್ನು ತುಂಬುತ್ತಾಳೆ. ನಾಲ್ಕನೆಯವಳು ಇದ್ದುದರಲ್ಲಿ ತೃಪ್ತಳಾಗದೆ ಹೊಸದನ್ನು ಕಲ್ಪಿಸುತ್ತಾಳೆ. ನಾಯಕತ್ವವು ಹುದ್ದೆಯ ಜೊತೆಗೆ ಒಂದು ದಿನ ಬಂದಿಳಿಯುವ ವಸ್ತುವಲ್ಲ, ಎರಡನೆಯ ಮಜಲಿನಲ್ಲಿ ಬಾಯಿಬಿಟ್ಟು ಹೇಳುವ ಧೈರ್ಯದಲ್ಲೇ ಅದು ಮೊಳೆಯುತ್ತದೆ ಎಂಬುದು ಈ ವಿಂಗಡಣೆಯಿಂದ ಹೊರಡುವ ತಾತ್ಪರ್ಯ.

ಬಾಡಿಗೆ ಕಾರು ಕಲಿಸಿದ ಪಾಠ

ಇದಕ್ಕೆ ಒಂದು ಉಜ್ವಲ ನಿದರ್ಶನವಿದೆ. ಅಮೆರಿಕದ ಕಾನ್ಸಾಸ್ ಸಂಸ್ಥಾನದ ಟೊಪೀಕಾ ನಗರದಲ್ಲಿ ನಿವೃತ್ತ ಯೋಧರ ಆಸ್ಪತ್ರೆಯೊಂದಿದೆ. ಅಲ್ಲಿ ದಾದಿಯಾಗಿದ್ದ ಸ್ಯೂ ಕಿನಿಕ್ ಅವರು 1992ರಲ್ಲಿ ಪ್ರಯಾಣವೊಂದರಲ್ಲಿದ್ದಾಗ ಬಾಡಿಗೆ ಕಾರನ್ನು ಹಿಂತಿರುಗಿಸುತ್ತಿದ್ದರು. ಅಂಗಡಿಯ ನೌಕರ ಕೈಯಲ್ಲಿನ ಚಿಕ್ಕ ಯಂತ್ರವನ್ನು ಕಾರಿನ ಮೇಲಿನ ಗೆರೆಗೆರೆಯ ಚೀಟಿಗೆ, ಎಂದರೆ ಬಾರ್‌ಕೋಡಿಗೆ, ಹಿಡಿದು ಕ್ಷಣಮಾತ್ರದಲ್ಲಿ ಲೆಕ್ಕ ಮುಗಿಸಿದ. ಒಂದು ಕಾರಿಗೆ ಇಷ್ಟು ಜಾಗರೂಕತೆ ಸಾಧ್ಯವಾದರೆ ರೋಗಿಗೆ ಕೊಡುವ ಔಷಧಕ್ಕೆ ಏಕೆ ಸಾಧ್ಯವಿಲ್ಲ ಎಂಬ ಆಲೋಚನೆ ಅವರಿಗೆ ಹೊಳೆಯಿತು. ರೋಗಿಯ ಮಣಿಕಟ್ಟಿನ ಪಟ್ಟಿಗೊಂದು ಗುರುತು, ಔಷಧದ ಪೊಟ್ಟಣಕ್ಕೊಂದು ಗುರುತು. ಎರಡೂ ವೈದ್ಯರ ಆದೇಶದೊಡನೆ ತಾಳೆಯಾದರೆ ಮಾತ್ರ ಮದ್ದು ರೋಗಿಯ ಬಾಯಿಗೆ. ಟೊಪೀಕಾದಲ್ಲಿ ಬೇರೂರಿದ ಈ ಪದ್ಧತಿ 1999–2000ರ ಹೊತ್ತಿಗೆ ಆ ದೇಶದ ನಿವೃತ್ತ ಯೋಧರ ಆಸ್ಪತ್ರೆಗಳಿಗೆಲ್ಲ ವ್ಯಾಪಿಸಿತು. ಅದೇ 1999ರಲ್ಲಿ ಅಮೆರಿಕದ ವೈದ್ಯಕೀಯ ಸಂಸ್ಥೆಯ ವರದಿಯೊಂದು, ಆಸ್ಪತ್ರೆಗಳಲ್ಲಿ ತಪ್ಪಿಸಬಹುದಾದ ಪ್ರಮಾದಗಳಿಂದ ವರ್ಷಕ್ಕೆ 44,000ದಿಂದ 98,000 ಮಂದಿ ಸಾಯುತ್ತಿರಬಹುದೆಂದು ಅಂದಾಜು ಮಾಡಿ ದೇಶವನ್ನು ತಲ್ಲಣಗೊಳಿಸಿತು. ಒಬ್ಬ ದಾದಿಯ ಹೊಳಹಿನ ಬೆಲೆ ಆಗ ಎಲ್ಲರಿಗೂ ಮನದಟ್ಟಾಯಿತು.

ಆದರೆ ಕಥೆ ಅಲ್ಲಿಗೆ ಸುಖಾಂತವಾಗಲಿಲ್ಲ. 2008ರಲ್ಲಿ ಸಮಾಜವಿಜ್ಞಾನಿ ರಾಸ್ ಕಾಪೆಲ್ ಮತ್ತು ಸಂಗಡಿಗರು ಕೆಲವು ಆಸ್ಪತ್ರೆಗಳಲ್ಲಿ ಈ ಪದ್ಧತಿ ನಡೆಯುವ ರೀತಿಯನ್ನು ಕೂಲಂಕಷವಾಗಿ ನೋಡಿದಾಗ, ದಾದಿಯರು ಯಂತ್ರವನ್ನು ಬಳಸಿ ದಾಟುವ 15 ಬಗೆಯ ಅಡ್ಡದಾರಿಗಳೂ ಅವಕ್ಕೆ 31 ಕಾರಣಗಳೂ ಕಂಡುಬಂದುವು. ರೋಗಿಯ ಪಟ್ಟಿಯ ನಕಲನ್ನು ಬೇರೆಡೆ ಅಂಟಿಸಿಕೊಂಡು ಅದಕ್ಕೇ ಯಂತ್ರ ಹಿಡಿಯುವುದು ಅಂಥದೊಂದು ದಾರಿ. ಇದು ದಾದಿಯರ ಸೋಮಾರಿತನವೆಂದು ಬೈದು ಮುಗಿಸುವುದು ಸುಲಭ. ಕಾರಣಗಳನ್ನು ಕೇಳಿದರೆ ಬೇರೆಯೇ ತೋರುತ್ತದೆ: ಪಟ್ಟಿಯ ಗೆರೆಗಳು ಅಳಿಸಿರುತ್ತವೆ, ಯಂತ್ರದ ಬ್ಯಾಟರಿ ಮುಗಿದಿರುತ್ತದೆ, ಸಂಪರ್ಕ ಕಡಿದಿರುತ್ತದೆ, ಔಷಧದ ಮೇಲೆ ಗುರುತೇ ಇರುವುದಿಲ್ಲ, ಅತ್ತ ರೋಗಿ ನೋವಿನಿಂದ ನರಳುತ್ತಿರುತ್ತಾನೆ. ವಾರ್ಡಿನ ನಿತ್ಯದ ಅವಸರವನ್ನು ಅರಿಯದವರು ರೂಪಿಸಿದ ಯಂತ್ರ ಎಷ್ಟೇ ಜಾಣತನದ್ದಾದರೂ ಕೊನೆಗೆ ಅಡ್ಡಿಯಾಗುತ್ತದೆ. ಆದುದರಿಂದಲೇ ಯಂತ್ರವನ್ನು ಆರಿಸುವ, ತಿದ್ದುವ, ಬೇಡವೆನ್ನುವ ಸಭೆಯಲ್ಲಿ ದಾದಿಯೂ ಕುಳಿತಿರಬೇಕು.

ಆ ಆಸನವೂ ಕೇಳದೆ ದೊರಕಲಿಲ್ಲ. 2004ರಲ್ಲಿ ಅಮೆರಿಕದ ಅಧ್ಯಕ್ಷರು ಹತ್ತು ವರ್ಷಗಳಲ್ಲಿ ಬಹುಪಾಲು ಪ್ರಜೆಗಳಿಗೆ ವಿದ್ಯುನ್ಮಾನ ಆರೋಗ್ಯ ದಾಖಲೆ ಒದಗಬೇಕೆಂದು ಕರೆಕೊಟ್ಟರು. ದಾದಿಯರು ಆಸ್ಪತ್ರೆಗಳ ದೊಡ್ಡ ಬಲವಾಗಿದ್ದರೂ ಈ ಮಹಾಕಾರ್ಯದ ಯೋಜನೆಯಲ್ಲಿ ಅವರ ದನಿ ಕ್ಷೀಣವಾಗಿರುವುದನ್ನು ಕಂಡ ವೃತ್ತಿಯ ಹಿರಿಯರು ‘ಟೈಗರ್’ ಎಂಬ ಹೆಸರಿನಲ್ಲಿ ಒಗ್ಗೂಡಿ, 2006ರಲ್ಲಿ ಮೇರಿಲ್ಯಾಂಡ್ ಸಂಸ್ಥಾನದ ಬೆಥೆಸ್ಡಾದಲ್ಲಿ ಸಮಾವೇಶ ನಡೆಸಿದರು. ಶುಶ್ರೂಷೆಯ ಶಿಕ್ಷಣವನ್ನೇ ತಿದ್ದಬೇಕು, ಮೊದಲು ಅಧ್ಯಾಪಕರು ಕಲಿಯಬೇಕು ಎಂಬುದು ಅವರ ಘೋಷಣೆಗಳಲ್ಲಿ ಮುಖ್ಯವಾದುದು.

ನಮ್ಮಲ್ಲಿ

ಈ ಗಾಳಿ ನಮ್ಮ ನಾಡಿಗೂ ಬೀಸಿದೆ. ಭಾರತೀಯ ಶುಶ್ರೂಷಾ ಪರಿಷತ್ತು 2021ರಲ್ಲಿ ಪ್ರಕಟಿಸಿದ ಬಿ.ಎಸ್ಸಿ. ನರ್ಸಿಂಗ್ ಪಠ್ಯಕ್ರಮದಲ್ಲಿ ಆರೋಗ್ಯ ಮತ್ತು ಶುಶ್ರೂಷಾ ಮಾಹಿತಿಶಾಸ್ತ್ರವನ್ನು ಎರಡನೆಯ ಸೆಮಿಸ್ಟರಿನ ಒಂದು ವಿಷಯವನ್ನಾಗಿ ಇರಿಸಲಾಯಿತು. ಅದೇ ವರ್ಷದ ಸೆಪ್ಟೆಂಬರ್ 27ರಂದು ಆಯುಷ್ಮಾನ್ ಭಾರತ್ ಡಿಜಿಟಲ್ ಮಿಷನ್ ದೇಶವ್ಯಾಪಿಯಾಗಿ ಆರಂಭವಾಯಿತು. 1996ರಲ್ಲಿ ಸ್ಥಾಪಿತವಾದ ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯದ ಅಡಿಯಲ್ಲಿ ಕರ್ನಾಟಕದ ಊರೂರುಗಳಲ್ಲಿ ನರ್ಸಿಂಗ್ ಕಾಲೇಜುಗಳಿವೆ. ಅಲ್ಲಿ ಓದುವ ಹುಡುಗಿಯರೂ ಹುಡುಗರೂ ಮುಂದೆ ದುಡಿಯಲಿರುವುದು ಗಣಕದ ತೆರೆಯ ಮುಂದೆ. ಆದರೆ ಪುಸ್ತಕದ ವಿಷಯವಾಗಿ ಬಂದುದೆಲ್ಲ ವಿದ್ಯೆಯಾಗುವುದಿಲ್ಲ. ಬಟನ್ನು ಒತ್ತುವುದನ್ನು ಕಲಿಸಿ ಅಂಕ ಕೊಟ್ಟು ಕಳುಹಿಸಿದರೆ ಗುಮಾಸ್ತರು ಸಿಕ್ಕಾರು, ಮುಂದಾಳುಗಳು ಸಿಗಲಾರರು. ವಾರ್ಡಿನಲ್ಲಿ ಕಂಡ ಒಂದು ತೊಂದರೆಯನ್ನು ಆಯ್ದುಕೊಂಡು, ಒಂದು ತಿಂಗಳ ಅಂಕಿಗಳನ್ನು ಕೂಡಿಸಿ, ನೈಟಿಂಗೇಲರಂತೆ ಚಿತ್ರ ಬಿಡಿಸಿ ಮೇಲಧಿಕಾರಿಗಳ ಮುಂದಿಡುವ ಅಭ್ಯಾಸವನ್ನು ವಿದ್ಯಾರ್ಥಿದಶೆಯಲ್ಲೇ ಮಾಡಿಸಬೇಕು.

ಇಲ್ಲಿ ಕನ್ನಡದ ಮಟ್ಟಿಗೆ ಒಂದು ವಿಶೇಷ ಪ್ರಶ್ನೆಯೂ ಇದೆ. ಹಳ್ಳಿಯಿಂದ ಬಂದ ಅಜ್ಜಿ “ಹೊಟ್ಟೇಲಿ ಏನೋ ಸಂಕಟ ಕಣವ್ವ” ಎನ್ನುತ್ತಾಳೆ. ಆ ಸಂಕಟ ವಾಕರಿಕೆಯಿರಬಹುದು, ಉರಿಯಿರಬಹುದು, ಎದೆಯ ನೋವೇ ಹೊಟ್ಟೆಯ ವೇಷ ಹಾಕಿಕೊಂಡು ಬಂದಿರಬಹುದು. ತೆರೆಯ ಮೇಲಿನ ಇಂಗ್ಲಿಷಿನ ಪಟ್ಟಿಯಲ್ಲಿ ಇವಕ್ಕೆಲ್ಲ ಬೇರೆ ಬೇರೆ ಚೌಕಗಳಿವೆ, ‘ಸಂಕಟ’ಕ್ಕೆ ಚೌಕವಿಲ್ಲ. ಯಾವ ಚೌಕವನ್ನು ಒತ್ತಬೇಕೆಂಬುದನ್ನು ನಿರ್ಧರಿಸುವವಳು ದಾದಿ. ತಪ್ಪು ಚೌಕವನ್ನು ಒತ್ತಿದರೆ ಮುಂದಿನ ಲೆಕ್ಕವೆಲ್ಲ ತಪ್ಪು. ಯಂತ್ರ ಆ ತಪ್ಪನ್ನು ನಿಷ್ಠೆಯಿಂದ ಜೋಪಾನ ಮಾಡುತ್ತದೆ. ‘ಸುಸ್ತು’, ‘ತಲೆ ದಿಮ್ಮೆನ್ನುವುದು’, ‘ಎದೆ ಹಿಡಿದಂತಾಗುವುದು’ ಮುಂತಾದ ಜನರ ಮಾತುಗಳನ್ನು ಶಾಸ್ತ್ರದ ಮಾತುಗಳೊಡನೆ ಸರಿಗೂಡಿಸುವ ಕೆಲಸವನ್ನು ಅಮೆರಿಕದ ತಜ್ಞರು ಬಂದು ಮಾಡಿಕೊಡಲಾರರು. ಕನ್ನಡ ಬಲ್ಲ ದಾದಿಯರೂ ಅವರ ಅಧ್ಯಾಪಕರೂ ಕೂಡಿ ಮಾಡಬೇಕಾದ ಕೆಲಸವಿದು. ನಮ್ಮ ನಾಡಿನಲ್ಲಿ ಈ ಶಾಸ್ತ್ರದ ನಾಯಕತ್ವಕ್ಕೆ ಕಾದಿರುವ ಕ್ಷೇತ್ರವೂ ಇದೇ.

ಗಣಕದ ತೆರೆ ದಾದಿಯ ಕಣ್ಣನ್ನು ರೋಗಿಯಿಂದ ಸೆಳೆದುಕೊಳ್ಳುವುದೆಂಬ ಆತಂಕವನ್ನು ಅನೇಕರು ವ್ಯಕ್ತಪಡಿಸುತ್ತಾರೆ. ಅದು ನಿರಾಧಾರವಲ್ಲ. ಮಂಚದ ಮೇಲೆ ಮಲಗಿದವರಿಗೆ ಬೇಕಾದುದು ಹಣೆಯ ಮೇಲೊಂದು ಕೈ, ಕಿವಿಗೊಂದು ಸಮಾಧಾನದ ಮಾತು. ಆದರೆ ಆ ಕೈಗೂ ಆ ಮಾತಿಗೂ ದಾದಿಗೆ ಬಿಡುವು ದೊರೆಯಬೇಕಾದರೆ ಅವಳ ಕೆಲಸಕ್ಕೆ ಸರಿಯಾದ ಲೆಕ್ಕವಿರಬೇಕು, ಆ ಲೆಕ್ಕವನ್ನಿಡುವ ಯಂತ್ರ ಅವಳ ಮಾತನ್ನು ಕೇಳುವಂತಿರಬೇಕು. ಅಂತಹ ಯಂತ್ರವನ್ನು ಕೇಳಿ ಪಡೆಯಬಲ್ಲ ದಾದಿಯನ್ನು ತಯಾರಿಸುವ ಕಾಲೇಜು ರೋಗಿಗೆ ಮಾಡುವ ಉಪಕಾರ, ಅವನು ಎಂದೂ ನೋಡದಿದ್ದರೂ, ಚಿಕ್ಕದೇನಲ್ಲ.